ಸ್ಥಾಪಕರ ನಂತರ: ಅಮೆರಿಕದ ಮೂರು ರಂಗಮಂದಿರಗಳ ಕಥೆ

ಸಂಘದ ವಾರ್ಷಿಕೋತ್ಸವ ಬಂತೆಂದರೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ವೇದಿಕೆಯ ಮೇಲಿನದು: ಸಂಘ ಬೆಳೆದು ಬಂದ ಬಗೆ, ಹಿರಿಯರು ಪಟ್ಟ ಶ್ರಮ, ಆಡಿದ ನಾಟಕಗಳು, ಆಚರಿಸಿದ ರಾಜ್ಯೋತ್ಸವಗಳು. ಇನ್ನೊಂದು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಮೆಲುದನಿಯಲ್ಲಿ ಬರುವ ಮಾತು: "ಇನ್ನು ಮುಂದೆ ಇದನ್ನೆಲ್ಲ ಯಾರು ನಡೆಸುತ್ತಾರೆ?" ಸಂಘವನ್ನು ಕಟ್ಟಿದವರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ಇರುವವರಿಗೆ ವಯಸ್ಸಾಗಿದೆ. ಹೊಸದಾಗಿ ಬಂದವರ ಅಭಿರುಚಿ ಬೇರೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಕನಸು ಕಾಣುವ ಭಾಷೆಯೇ ಬೇರೆ. ಮೊದಲ ಮಾತಿಗೆ ಈ ಸಂಚಿಕೆಯಲ್ಲಿ ಬೇರೆ ಲೇಖನಗಳಿವೆ. ನಾವು ಇಲ್ಲಿ ಎರಡನೆಯ ಮಾತನ್ನು ಕೈಗೆತ್ತಿಕೊಂಡಿದ್ದೇವೆ.

ಈ ಪ್ರಶ್ನೆ ನಮಗಿಂತ ಮೊದಲೇ ನಮ್ಮ ನೆರೆಯವರಿಗೆ ಎದುರಾಗಿತ್ತು. ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತ ನೆಲೆಸಿರುವ ನಮ್ಮಲ್ಲಿ ಅನೇಕರು ನದಿಯ ದಂಡೆಯ 'ಅರೀನಾ ಸ್ಟೇಜ್' ರಂಗಮಂದಿರದಲ್ಲಿ ನಾಟಕ ನೋಡಿದ್ದೇವೆ. ಒಳಗೆ ನಡೆದ ನಾಟಕವನ್ನು ಮೆಚ್ಚಿ ಮನೆಗೆ ಬಂದಿದ್ದೇವೆಯೇ ಹೊರತು, ಆ ಮನೆ ನಿಂತದ್ದು ಹೇಗೆ, ಎಪ್ಪತ್ತೈದು ವರ್ಷ ಬಾಳಿದ್ದು ಹೇಗೆ ಎಂದು ವಿಚಾರಿಸಿದವರು ಕಡಿಮೆ. ಅದರ ಕಥೆಯನ್ನು ಅದರ ಇಬ್ಬರು ಅಕ್ಕಂದಿರ ಕಥೆಯೊಂದಿಗೆ ಸೇರಿಸಿ ಓದಿದರೆ ನಮ್ಮಂಥ ಸಂಘಗಳಿಗೂ ಒಂದು ಪಾಠ ಸಿಗುತ್ತದೆ.

ಮಾಲೀಕನಿಲ್ಲದ ನಾಟಕ

ನಮ್ಮ ಹಿರಿಯರು ಕಂಡ ವೃತ್ತಿರಂಗಭೂಮಿ ಕಂಪನಿ ನಾಟಕದ್ದು. ಗುಬ್ಬಿ ವೀರಣ್ಣನವರ ಕಂಪನಿಯನ್ನೇ ನೆನೆಯಿರಿ. ಅಲ್ಲಿ ಕಂಪನಿಗೊಬ್ಬ ಮಾಲೀಕ. ಕಲೆಕ್ಷನ್ ಚೆನ್ನಾದರೆ ಲಾಭ ಅವನದು, ಮಳೆ ಬಂದು ಕ್ಯಾಂಪು ಕೆಟ್ಟರೆ ಸಾಲವೂ ಅವನದೇ. ಅಮೆರಿಕದಲ್ಲೂ ಬಹುಕಾಲ ಇದೇ ಪದ್ಧತಿ ಇತ್ತು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹಣ ಹೂಡುವವರು ಹೂಡಿ ನಾಟಕ ಎತ್ತುತ್ತಿದ್ದರು. ಅಲ್ಲಿ ಗೆದ್ದದ್ದು ಉಳಿದ ಊರುಗಳಿಗೆ ಪ್ರವಾಸ ಹೊರಡುತ್ತಿತ್ತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಸರ್ಕಾರವೇ ಹಾಲಿ ಫ್ಲ್ಯಾನಗನ್ ಅವರ ನೇತೃತ್ವದಲ್ಲಿ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಎಂಬ ಯೋಜನೆಯಿಂದ ನಿರುದ್ಯೋಗಿ ಕಲಾವಿದರಿಗೆ ಕೆಲಸ ಕೊಟ್ಟಿತು. ಆದರೆ 1939ರಲ್ಲಿ ಕಾಂಗ್ರೆಸ್ ಅದರ ಹಣವನ್ನು ನಿಲ್ಲಿಸಿತು. ಮಾಲೀಕನನ್ನು ನೆಚ್ಚಿದರೆ ಮಾಲೀಕನ ಲೆಕ್ಕ, ಸರ್ಕಾರವನ್ನು ನೆಚ್ಚಿದರೆ ಸರ್ಕಾರದ ಮರ್ಜಿ ಎಂಬುದು ಆಗ ಸ್ಪಷ್ಟವಾಯಿತು.

ಎರಡಕ್ಕೂ ನಡುವೆ ಹುಟ್ಟಿದ ಮೂರನೆಯ ದಾರಿಯೇ ಲಾಭೋದ್ದೇಶವಿಲ್ಲದ ರಂಗಮಂದಿರ. ಇಲ್ಲಿ ಮಾಲೀಕನೆಂಬುವನಿಲ್ಲ. ಮಿಗುವ ಹಣವನ್ನು ಯಾರೂ ಹಂಚಿಕೊಳ್ಳುವಂತಿಲ್ಲ; ಅದು ಮತ್ತೆ ಸಂಸ್ಥೆಯ ಕೆಲಸಕ್ಕೇ ಹೋಗಬೇಕು. ಕೊಡುಗೆ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಉಂಟು. ನಮ್ಮ ಸಂಘದ ರಸೀದಿಯ ಮೇಲೆ ಕಾಣುವ 501(ಸಿ)(3) ಎಂಬ ಸಂಖ್ಯೆಯೇ ಆ ರಂಗಮಂದಿರಗಳಿಗೂ ಆಧಾರ. ಇದನ್ನು ಕಾಯುವುದಕ್ಕೆ ಒಂದು ಆಡಳಿತ ಮಂಡಳಿ. ಅದರ ಸದಸ್ಯರನ್ನು ಇಂಗ್ಲಿಷಿನಲ್ಲಿ ಟ್ರಸ್ಟಿಗಳೆನ್ನುತ್ತಾರೆ. ನಮ್ಮ ದೇವಸ್ಥಾನಗಳ ಮಾತಿನಲ್ಲಿ ಹೇಳುವುದಾದರೆ ಧರ್ಮದರ್ಶಿಗಳು. ದೇವರ ಆಸ್ತಿ ಧರ್ಮದರ್ಶಿಯದಲ್ಲ, ಅರ್ಚಕನದೂ ಅಲ್ಲ. ಪೂಜೆ ಮಾಡುವವರು ಒಬ್ಬರು, ಗುಡಿಯ ಲೆಕ್ಕ ನೋಡುವವರು ಇನ್ನೊಬ್ಬರು. ರಂಗಮಂದಿರದಲ್ಲೂ ಹಾಗೆಯೇ: ಯಾವ ನಾಟಕ ಎಂಬುದು ಕಲಾ ನಿರ್ದೇಶಕರ ನಿರ್ಧಾರ, ಆಡಳಿತ, ಹಣಕಾಸು ವ್ಯವಸ್ಥಾಪಕ ನಿರ್ದೇಶಕರದು, ಅವರನ್ನು ಆರಿಸುವುದು, ಹಣ ಕೂಡಿಸುವುದು, ಎಡವಿದಾಗ ಎಚ್ಚರಿಸುವುದು ಮಂಡಳಿಯ ಕೆಲಸ. ಕೇಳಲು ಸುಲಭ. ನಡೆಸುವುದು ಎಷ್ಟು ಕಷ್ಟವೆಂಬುದನ್ನು ಸಮಿತಿಯಲ್ಲಿ ಕೂತ ಯಾರೂ ಬಲ್ಲರು.

ಡಲ್ಲಾಸಿನ ಮಾರ್ಗೊ ಜೋನ್ಸ್

ಈ ದಾರಿಯನ್ನು ತೋರಿಸಿಕೊಟ್ಟವರಲ್ಲಿ ಟೆಕ್ಸಾಸ್ ರಾಜ್ಯದ ಮಾರ್ಗೊ ಜೋನ್ಸ್ ಅವರ ಹೆಸರು ಮೊದಲು ಬರುತ್ತದೆ. ಅವರು 1947ರಲ್ಲಿ ಡಲ್ಲಾಸ್ ನಗರದಲ್ಲಿ ಒಂದು ಪುಟ್ಟ ವೃತ್ತಿಪರ ರಂಗಮಂದಿರವನ್ನು ತೆರೆದರು. ಇನ್ನೂರು ಜನ ಕೂರಲು ಜಾಗವಿರಲಿಲ್ಲ. ನಮ್ಮ ಬಯಲಾಟದ ಹಾಗೆ ಪರದೆ ಇಲ್ಲ; ನಡುವೆ ಆಟ, ಸುತ್ತಲೂ ಪ್ರೇಕ್ಷಕರು. ಅದಕ್ಕೆ 'ಥಿಯೇಟರ್ 47' ಎಂದು ಹೆಸರಿಟ್ಟರು. ಮರುವರ್ಷ ಅದು 'ಥಿಯೇಟರ್ 48', ಅದರ ಮರುವರ್ಷ 'ಥಿಯೇಟರ್ 49'. ರಂಗಭೂಮಿ ಪ್ರತಿ ವರ್ಷ ಹೊಸದಾಗಬೇಕೆಂಬುದು ಅವರ ಹಂಬಲ. ಹೊಸ ನಾಟಕಕಾರರಿಗೆ ಅಲ್ಲಿ ಮಣೆ ಇತ್ತು. ಟೆನೆಸೀ ವಿಲಿಯಮ್ಸ್ ಅವರ 'ಸಮ್ಮರ್ ಅಂಡ್ ಸ್ಮೋಕ್' ಮೊದಲು ರಂಗ ಕಂಡದ್ದು ಅಲ್ಲಿ. ಮುಂದೆ ಬಹು ಪ್ರಸಿದ್ಧವಾದ 'ಇನ್‌ಹೆರಿಟ್ ದ ವಿಂಡ್' ನಾಟಕವನ್ನೂ 1955ರ ಜನವರಿಯಲ್ಲಿ ಮೊದಲು ಆಡಿಸಿದವರು ಅವರೇ.

ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಮನೆಯಲ್ಲಿ ನೆಲಗಂಬಳಿ ಶುಚಿಮಾಡಲು ಬಳಸಿದ್ದ ರಾಸಾಯನಿಕದ ಆವಿ ಸೇವಿಸಿ ಮಾರ್ಗೊ ಜೋನ್ಸ್ ಆಕಸ್ಮಿಕವಾಗಿ ತೀರಿಕೊಂಡರು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಅವರಿಲ್ಲದ ರಂಗಮಂದಿರ ಅವರ ಹೆಸರಿನಲ್ಲಿ ನಾಲ್ಕು ವರ್ಷ ನಡೆದು 1959ರಲ್ಲಿ ಬಾಗಿಲು ಮುಚ್ಚಿತು. ವರ್ಷ ವರ್ಷವೂ ಹೆಸರು ಬದಲಿಸಿಕೊಳ್ಳುತ್ತಿದ್ದ ಸಂಸ್ಥೆಗೆ ಮುಖ್ಯಸ್ಥರನ್ನು ಬದಲಿಸಿಕೊಂಡು ಬಾಳಲು ಆಗಲಿಲ್ಲ. ಊರಿನಲ್ಲಿ ನಾಟಕಕ್ಕೆ ಜನ ಇರಲಿಲ್ಲವೆಂದಲ್ಲ: ಅದೇ 1959ರ ಡಿಸೆಂಬರಿನಲ್ಲಿ ಅದೇ ಡಲ್ಲಾಸಿನಲ್ಲಿ, ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿದ ಕಟ್ಟಡದಲ್ಲಿ ಡಲ್ಲಾಸ್ ಥಿಯೇಟರ್ ಸೆಂಟರ್ ಆರಂಭವಾಯಿತು. ದೊಡ್ಡ ಪ್ರತಿಷ್ಠಾನಗಳ ಹಣ ಹರಿಯತೊಡಗಿದ್ದೂ ಅದರ ನಂತರವೇ. ಇನ್ನು ಮೂರು ನಾಲ್ಕು ವರ್ಷ ತಡೆದುಕೊಂಡಿದ್ದರೆ ಏನಾಗುತ್ತಿತ್ತೋ!

ಹ್ಯೂಸ್ಟನ್ನಿನ 214 ಕಾರ್ಡುಗಳು

ಮಾರ್ಗೊ ಜೋನ್ಸ್ ಅವರೊಂದಿಗೆ ಹಿಂದೆ ಹ್ಯೂಸ್ಟನ್ನಿನ ಹವ್ಯಾಸಿ ತಂಡದಲ್ಲಿ ಕೆಲಸ ಮಾಡಿದ್ದವರು ನೀನಾ ವ್ಯಾನ್ಸ್. ಅವರೂ 1947ರಲ್ಲೇ ತಮ್ಮ ಊರಿನಲ್ಲೊಂದು ರಂಗಮಂದಿರ ಬೇಕೆಂದು ಹೊರಟರು. ಕೈಯಲ್ಲಿದ್ದ ಹಣಕ್ಕೆ ಒಂದು ಸೆಂಟಿನ 214 ಅಂಚೆ ಕಾರ್ಡುಗಳು ಬಂದವು. ಹೊಸ ರಂಗಮಂದಿರ ಬೇಕೆನ್ನುವವರು ಇಂಥ ದಿನ ಇಂಥಲ್ಲಿಗೆ ಬನ್ನಿ ಎಂದು ಬರೆದು ಅಂಚೆಗೆ ಹಾಕಿದರು. ನೂರಕ್ಕೂ ಹೆಚ್ಚು ಜನ ಬಂದರು. ನಮ್ಮ ಸಂಘಗಳ ಮೊದಲ ಸಭೆಗಳು ಸೇರಿದ್ದೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ? ಟೆಲಿಫೋನ್ ಡೈರೆಕ್ಟರಿಯಲ್ಲಿ ರಾವ್, ಗೌಡ, ಮೂರ್ತಿ, ಪಾಟೀಲ ಎಂಬ ಹೆಸರುಗಳನ್ನು ಹುಡುಕಿ ಕರೆ ಮಾಡಿದ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ.

ಹ್ಯೂಸ್ಟನ್ನಿನ ತಂಡ ಮೊದಲು ನಾಟಕ ಆಡಿದ್ದು ಒಂದು ನೃತ್ಯಶಾಲೆಯಲ್ಲಿ. ಅಲ್ಲಿಗೆ ಹೋಗಲು ಒಂದು ಓಣಿಯನ್ನು ದಾಟಬೇಕಿತ್ತು. ಓಣಿಗೆ ಇಂಗ್ಲಿಷಿನಲ್ಲಿ 'ಆಲಿ'. ರಂಗಮಂದಿರದ ಹೆಸರೂ 'ಆಲಿ ಥಿಯೇಟರ್' ಎಂದೇ ಆಯಿತು. ಎರಡು ವರ್ಷದಲ್ಲಿ ಅವರು ಪಾಳುಬಿದ್ದಿದ್ದ ಫ್ಯಾನಿನ ಕಾರ್ಖಾನೆಯೊಂದಕ್ಕೆ ಸ್ಥಳ ಬದಲಿಸಿದರು. 1962ರಲ್ಲಿ ಫೋರ್ಡ್ ಪ್ರತಿಷ್ಠಾನ 20 ಲಕ್ಷ ಡಾಲರಿಗೂ ಮೀರಿದ ಅನುದಾನ ಘೋಷಿಸಿತು. ಊರಿನವರೂ ತಮ್ಮ ಪಾಲು ಸೇರಿಸಬೇಕಿತ್ತು. ಸೇರಿಸಿದರು. 1968ರಲ್ಲಿ ನಗರದ ನಡುವೆ ಹೊಸ ಕಟ್ಟಡ ಎದ್ದಿತು. ನೀನಾ ವ್ಯಾನ್ಸ್ 1980ರಲ್ಲಿ ನಿಧನರಾದರು. ಆದರೆ ಆಲಿ ಥಿಯೇಟರ್ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಊರಿನವರು ತಮ್ಮದೆಂದು ಒಪ್ಪಿಕೊಂಡ ಸಂಸ್ಥೆಯಾಗಿತ್ತು.

ಆ ಒಪ್ಪಿಗೆಯ ಬೆಲೆ ಗೊತ್ತಾದದ್ದು ನೀರು ನುಗ್ಗಿದಾಗ. 2001ರ ಆಲಿಸನ್ ಬಿರುಗಾಳಿ ಮಳೆಯಲ್ಲಿ ಅದರ ನೆಲಮಾಳಿಗೆ ಮುಳುಗಿತು. 2017ರ ಹಾರ್ವೆ ಚಂಡಮಾರುತದಲ್ಲಿ ಕೆಳಗಿನ ಚಿಕ್ಕ ರಂಗಮಂದಿರವೂ, ದಶಕಗಳಿಂದ ಕೂಡಿಸಿಟ್ಟಿದ್ದ ರಂಗಸಾಮಗ್ರಿಯೂ ನೀರುಪಾಲಾದವು. ಕಟ್ಟಡದ ದುರಸ್ತಿಯ ಕಾಲದಲ್ಲಿ, 2014–15ರಲ್ಲಿ, ಅವರು ಹ್ಯೂಸ್ಟನ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಸೀಸನ್ ನಡೆಸಿದ್ದರು. ಹಾರ್ವೆಯ ನಂತರ ಮತ್ತೆ ಅದೇ ಬಾಗಿಲು ತಟ್ಟಿದರು, ಬಾಗಿಲು ತೆರೆಯಿತು. ಅದೇ ವರ್ಷದ ಕ್ರಿಸ್ಮಸ್ ನಾಟಕಕ್ಕೆ ತಮ್ಮ ದೊಡ್ಡ ರಂಗಮಂದಿರಕ್ಕೆ ಮರಳಿದರು. ಸಾಮಗ್ರಿ ಹೋದರೂ ಸ್ನೇಹ ಉಳಿದಿತ್ತು ಎನ್ನಬೇಕು.

ನಮ್ಮ ಊರಿನ ಅರೀನಾ ಸ್ಟೇಜ್

ಇನ್ನು ಮೂರನೆಯದು ನಮ್ಮ ಊರಿನದು. 1950ರಲ್ಲಿ ಜೆಲ್ಡಾ ಫಿಚಾಂಡ್ಲರ್, ಅವರ ಪತಿ ಥಾಮಸ್ ಫಿಚಾಂಡ್ಲರ್ ಮತ್ತು ಜೆಲ್ಡಾ ಅವರ ಅಧ್ಯಾಪಕರಾಗಿದ್ದ ಎಡ್ವರ್ಡ್ ಮ್ಯಾಂಗಮ್ ಸೇರಿ ಹಿಪ್ಪೊಡ್ರೋಮ್ ಎಂಬ ಹಳೆಯ ಸಿನಿಮಾ ಟಾಕೀಸಿನಲ್ಲಿ ಅರೀನಾ ಸ್ಟೇಜ್ ಆರಂಭಿಸಿದರು. ಆಸನಗಳು 247. ಆಗಿನ ವಾಷಿಂಗ್ಟನ್ನಿನಲ್ಲಿ ವರ್ಣಭೇದ ಎಷ್ಟು ಬಿಗಿಯಾಗಿತ್ತೆಂದರೆ, ಕರಿಯರನ್ನು ಬಿಳಿಯರೊಡನೆ ಕೂರಿಸಲೊಲ್ಲದೆ ಊರಿನ ಪ್ರಮುಖ ನಾಟಕಗೃಹವೊಂದು 1948ರಿಂದ ನಾಲ್ಕು ವರ್ಷ ನಾಟಕಗಳನ್ನೇ ನಿಲ್ಲಿಸಿಬಿಟ್ಟಿತ್ತು. ಅಂಥ ಕಾಲದಲ್ಲಿ ಅರೀನಾ ಸ್ಟೇಜ್ ಮೊದಲ ದಿನದಿಂದಲೇ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು.

ಓದುಗರಿಗೆ ಅಚ್ಚರಿಯಾಗಬಹುದಾದ ಸಂಗತಿಯೊಂದಿದೆ. ಅರೀನಾ ಸ್ಟೇಜ್ ಹುಟ್ಟುವಾಗ ಲಾಭೋದ್ದೇಶವಿಲ್ಲದ ಸಂಸ್ಥೆಯಾಗಿರಲಿಲ್ಲ. ಊರಿನವರಿಗೆ ಷೇರು ಮಾರಿ ಸುಮಾರು 15,000 ಡಾಲರ್ ಬಂಡವಾಳ ಕೂಡಿಸಿ ಕಟ್ಟಿದ ಕಂಪನಿ ಅದು. ಸುಮಾರು ಒಂಬತ್ತು ವರ್ಷ ಹಾಗೆ ನಡೆದ ಮೇಲೆ, ಟಿಕೆಟಿನ ಹಣವೊಂದರಿಂದಲೇ ಇಂಥ ಕೆಲಸ ಮುಂದುವರಿಯದೆಂದು ಕಂಡು, 1959ರಲ್ಲಿ ಅದನ್ನು ಲಾಭೋದ್ದೇಶವಿಲ್ಲದ ಸಂಸ್ಥೆಯಾಗಿ ಮಾರ್ಪಡಿಸಿದರು. ಸ್ಥಾಪಕರು ತಾವೇ ಕಟ್ಟಿದ ಮನೆಯ ಒಡೆತನವನ್ನು ಬಿಟ್ಟುಕೊಟ್ಟ ವರ್ಷವದು. ನಮಗನ್ನಿಸುವಂತೆ ಅರೀನಾದ ದೀರ್ಘಾಯುಷ್ಯಕ್ಕೆ ಆ ನಿರ್ಧಾರವೇ ಮೊದಲ ಕಾರಣ.

ಮನೆಗಳೂ ಬದಲಾದವು. 1956ರಲ್ಲಿ ಟಾಕೀಸಿನಿಂದ ಹೊರಬಿದ್ದು ಹಳೆಯ ಹಾಯ್ರಿಕ್ ಬಿಯರ್ ಕಾರ್ಖಾನೆಗೆ ಬಂದರು. 1961ರಲ್ಲಿ ವಾಸ್ತುಶಿಲ್ಪಿ ಹ್ಯಾರಿ ವೀಸ್ ಕಟ್ಟಿಕೊಟ್ಟ ಸ್ವಂತ ರಂಗಮಂದಿರಕ್ಕೆ ಪ್ರವೇಶವಾಯಿತು; ಬ್ರೆಕ್ಟ್‌ನ 'ಕಕೇಷಿಯನ್ ಚಾಕ್ ಸರ್ಕಲ್' ನಾಟಕದಿಂದ ಅದು ಆರಂಭವಾಯಿತು. ಮಗು ಹೆತ್ತವಳಿಗೋ ಸಾಕಿದವಳಿಗೋ ಎಂಬ ಪ್ರಶ್ನೆಯ ನಾಟಕವದು. ಸಂಸ್ಥೆ ಯಾರದೆಂದು ಕೇಳುವ ನಮಗೆ ಅದು ತಕ್ಕ ನಾಟಕವೆಂದೇ ತೋರುತ್ತದೆ.

ತಪ್ಪುಗಳೂ ಆದವು. 1967ರ ಕೊನೆಯಲ್ಲಿ ಮುಷ್ಟಿಯುದ್ಧದ ಕರಿಯ ಮಲ್ಲನೊಬ್ಬನ ಜೀವನವನ್ನು ಆಧರಿಸಿದ 'ದ ಗ್ರೇಟ್ ವೈಟ್ ಹೋಪ್' ನಾಟಕವನ್ನು ಅರೀನಾ ಬಹಳ ಖರ್ಚು ಮಾಡಿ ಮೊದಲು ರಂಗಕ್ಕೆ ತಂದಿತು. ನಾಟಕ ಬ್ರಾಡ್‌ವೇಗೆ ಹೋಯಿತು, 1969ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು, ಸಿನಿಮಾ ಆಯಿತು. ಆದರೆ ಆ ಗಳಿಕೆಯಲ್ಲಿ ಅರೀನಾಗೆ ಪಾಲು ಸಿಗಲಿಲ್ಲ. ಪೈರು ಬೆಳೆದವರು ಒಬ್ಬರು, ಕಣ ಮಾಡಿಕೊಂಡವರು ಇನ್ನೊಬ್ಬರು. ಈ ಪೆಟ್ಟು ಉಳಿದ ರಂಗಮಂದಿರಗಳ ಕಣ್ಣನ್ನೂ ತೆರೆಸಿತು. 1975ರಲ್ಲಿ ನ್ಯೂಯಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಅವರ ಸಂಸ್ಥೆ 'ಎ ಕೋರಸ್ ಲೈನ್' ಎಂಬ ಸಂಗೀತ ನಾಟಕವನ್ನು ಬ್ರಾಡ್‌ವೇಗೆ ಒಯ್ದಾಗ, ಅದರ ಗಳಿಕೆ ಆ ಸಂಸ್ಥೆಯನ್ನೇ ಎಷ್ಟೋ ವರ್ಷ ಪೊರೆಯಿತು. ನ್ಯೂಯಾರ್ಕಿನ ಹೊರಗಿನ ರಂಗಮಂದಿರಕ್ಕೆಂದು ಟೋನಿ ಪ್ರಶಸ್ತಿ ಕೊಡಲಾರಂಭಿಸಿದಾಗ, 1976ರಲ್ಲಿ, ಮೊದಲನೆಯದು ಅರೀನಾಗೇ ಬಂತು.

ಜೆಲ್ಡಾ ಫಿಚಾಂಡ್ಲರ್ 1991ರಲ್ಲಿ, ನಾಲ್ಕು ದಶಕಗಳ ಸೇವೆಯ ನಂತರ, ತಾವಾಗಿಯೇ ಕೆಳಗಿಳಿದರು. ಸಂಸ್ಥೆಯೊಳಗೇ ಬೆಳೆದಿದ್ದ ಡಗ್ಲಾಸ್ ವೇಗರ್ ಆ ಸ್ಥಾನಕ್ಕೆ ಬಂದರು. 1998ರಲ್ಲಿ ಮಂಡಳಿ ಮಾಲಿ ಸ್ಮಿತ್ ಅವರನ್ನು ಹೊರಗಿನಿಂದ ಕರೆತಂದಿತು. ಅವರು ಅಮೆರಿಕನ್ ನಾಟಕಗಳಿಗೇ ಒತ್ತುಕೊಟ್ಟರು. ಸ್ಥಾಪಕರ ಕಾಲದ ಹೆಮ್ಮೆಯಾಗಿದ್ದ ಕಾಯಂ ನಟರ ತಂಡ ಉಳಿಯಲಿಲ್ಲ; ಅದನ್ನು ನಷ್ಟವೆಂದು ಕೊರಗಿದವರೂ ಉಂಟು. 2008ರಿಂದ ಎರಡು ವರ್ಷ ಬೇರೆಡೆ ನಾಟಕ ಆಡಿ, 2010ರಲ್ಲಿ ಹೊಸ ಕಟ್ಟಡಕ್ಕೆ ಬಂದರು. ವಾಸ್ತುಶಿಲ್ಪಿ ಬಿಂಗ್ ಥಾಮ್ ಹಳೆಯ ಎರಡು ರಂಗಮಂದಿರಗಳನ್ನು ಕೆಡವದೆ, ಎರಡಕ್ಕೂ ಸೇರಿ ಒಂದೇ ದೊಡ್ಡ ಸೂರು ಹೊದಿಸಿ, ಸುತ್ತ ಗಾಜಿನ ಗೋಡೆ ಎಬ್ಬಿಸಿ, ಪಕ್ಕದಲ್ಲಿ ಹೊಸ ನಾಟಕಗಳಿಗೆಂದು ಮೂರನೆಯ ಪುಟ್ಟ ರಂಗವನ್ನು ಸೇರಿಸಿದರು. ಜೆಲ್ಡಾ 2016ರಲ್ಲಿ ನಿಧನರಾದರು. 2023ರಲ್ಲಿ ಮಾಲಿ ಸ್ಮಿತ್ ನಿವೃತ್ತರಾಗಿ ಹಾನಾ ಶರೀಫ್ ಬಂದರು. ದೀಪ ಕೈಯಿಂದ ಕೈಗೆ ದಾಟಿತು.

ಹಣದ ಗಣಿತ

ಇಷ್ಟೆಲ್ಲ ಹೊಂದಾಣಿಕೆ ಏಕೆ ಬೇಕಾಯಿತೆಂಬುದಕ್ಕೆ ಒಂದು ಗಟ್ಟಿ ಕಾರಣವಿದೆ. ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೊವೆನ್ 1966ರಲ್ಲಿ ಅದನ್ನು ವಿವರಿಸಿದರು. ಕಾರ್ಖಾನೆಯಲ್ಲಿ ಯಂತ್ರಗಳು ಬಂದ ಹಾಗೆ ಒಬ್ಬ ಕೆಲಸಗಾರ ಹೆಚ್ಚು ಹೆಚ್ಚು ವಸ್ತು ತಯಾರಿಸುತ್ತಾನೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ಅರ್ಧ ಗಂಟೆ ನುಡಿಸಬೇಕಾದ ವಾದ್ಯಗೋಷ್ಠಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ, ಇಂದೂ ನಾಲ್ವರೇ, ಅದೇ ಅರ್ಧ ಗಂಟೆ. ಹೊರಗಿನ ಕೂಲಿ ಏರಿದಂತೆ ಇವರಿಗೂ ಏರಲೇಬೇಕು. ಹೀಗಾಗಿ ಖರ್ಚು ಮತ್ತು ಟಿಕೆಟ್ ಹಣದ ನಡುವಣ ಕಂದರ ವರ್ಷ ವರ್ಷ ಅಗಲವಾಗುತ್ತದೆ. ಇದು ಯಾರ ದುಂದುಗಾರಿಕೆಯೂ ಅಲ್ಲ, ಕಸುಬಿನ ಸ್ವಭಾವವೇ ಹಾಗೆ.

ಈ ಕಂದರಕ್ಕೆ ಸೇತುವೆ ಕಟ್ಟಿದ ಬಗೆ ಕಾಲಕಾಲಕ್ಕೆ ಬೇರೆ. ಫೋರ್ಡ್ ಪ್ರತಿಷ್ಠಾನ 1957ರಿಂದ ಮೆಕ್‌ನೀಲ್ ಲೋರಿ ಅವರ ಮುಂದಾಳುತನದಲ್ಲಿ ಕಲೆಗೆ ಹಣ ಕೊಡತೊಡಗಿತು. 1965ರಲ್ಲಿ ಕೇಂದ್ರ ಸರ್ಕಾರದ ಕಲಾನಿಧಿ ಸ್ಥಾಪನೆಯಾಯಿತು. ಷಿಕಾಗೊದ ಡ್ಯಾನಿ ನ್ಯೂಮನ್ ಊರೂರು ತಿರುಗಿ, ಬಿಡಿ ಟಿಕೆಟ್ ಮಾರುವುದನ್ನು ಬಿಟ್ಟು ಇಡೀ ವರ್ಷಕ್ಕೆ ಚಂದಾದಾರರನ್ನು ಮಾಡಿಕೊಳ್ಳಿರೆಂದು ಕಲಿಸಿದರು. ವರ್ಷದ ಆರಂಭದಲ್ಲೇ ಹಣ ಕೈಸೇರುವುದರಿಂದ ಧೈರ್ಯವಾಗಿ ಹೊಸ ನಾಟಕ ಆಡಬಹುದಾಯಿತು. ಆದರೆ ಪ್ರತಿಷ್ಠಾನಗಳ ಆಸಕ್ತಿ ಬೇರೆಡೆ ತಿರುಗಿತು. ವರ್ಷದ ಟಿಕೆಟನ್ನು ಮೊದಲೇ ಕೊಳ್ಳುವ ಅಭ್ಯಾಸ ಹೊಸ ತಲೆಮಾರಿಗೆ ಹತ್ತಲಿಲ್ಲ. ಯಾವ ಸೇತುವೆಯೂ ಶಾಶ್ವತವಾಗಲಿಲ್ಲ.

ಇಲ್ಲಿ ನಮ್ಮ ನಾಡಿನ ನಂಟೊಂದು ನೆನಪಾಗುತ್ತದೆ. ಇದೇ ಫೋರ್ಡ್ ಪ್ರತಿಷ್ಠಾನ 1980ರ ದಶಕದ ಆರಂಭದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ 'ಜನಸ್ಪಂದನ' ಯೋಜನೆಗೆ ನೆರವಾಯಿತು. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ನಾಟಕ, ಚಲನಚಿತ್ರ ಶಿಬಿರಗಳು ನಡೆದವು. ಹೊರಗಿನ ಹಣಕ್ಕೆ ಅವಧಿ ಇತ್ತು, ಮುಗಿಯಿತು. ಆದರೆ ಅದರ ಬೆನ್ನಿಗೇ 1985ರಲ್ಲಿ ಹೊರಟ 'ತಿರುಗಾಟ' ಊರೂರಿನ ನೆಲದಲ್ಲಿ ಬೇರೂರಿತು. ನೀನಾಸಮ್ ಎಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅದೂ ನಮ್ಮ ಹಾಗೆ 'ಸಂಘ'ವೇ, 1949ರಲ್ಲಿ ಹುಟ್ಟಿದ್ದು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಸಂಘ ನಡೆಯುತ್ತಿದೆ.

ಬಾಗಿಲು ಮುಚ್ಚಿದ ಕಾಲ

2020ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಅಮೆರಿಕದ ರಂಗಮಂದಿರಗಳೆಲ್ಲ ಏಕಕಾಲಕ್ಕೆ ಕತ್ತಲಾದವು. ಸರ್ಕಾರದ ವಿಶೇಷ ನೆರವು ಬಂತು, ಕೆಲವರು ಪರದೆಯ ಮೇಲೆ ನಾಟಕ ತೋರಿಸಿದರು. ನಿಜವಾದ ಕಷ್ಟ ಬಾಗಿಲು ತೆರೆದ ಮೇಲೆ ಶುರುವಾಯಿತು. ನೆರವು ಮುಗಿದಿತ್ತು, ಬೆಲೆ ಏರಿತ್ತು, ಹಳೆಯ ಪ್ರೇಕ್ಷಕರು ಪೂರ್ತಿ ಮರಳಿರಲಿಲ್ಲ. 2023ರಲ್ಲಿ ಲಾಸ್ ಏಂಜಲಿಸ್ಸಿನ ಹೆಸರಾಂತ ಮಾರ್ಕ್ ಟೇಪರ್ ಫೋರಮ್ ನಾಟಕಗಳನ್ನು ನಿಲ್ಲಿಸಿತು. 2024ರಲ್ಲಿ ಮತ್ತೆ ತೆರೆಯಿತು. ಆರೆಗನ್ ರಾಜ್ಯದ ಷೇಕ್ಸ್‌ಪಿಯರ್ ಉತ್ಸವ 2023ರ ಸೀಸನ್ ಉಳಿಸಿಕೊಳ್ಳಲು 25 ಲಕ್ಷ ಡಾಲರ್ ಬೇಕೆಂದು ಬಹಿರಂಗವಾಗಿ ಕೈಚಾಚಿತು, ಸೀಸನ್ ಮುಗಿಸಿತು.

ಆ ಉತ್ಸವದ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. 1935ರಲ್ಲಿ ಆಂಗಸ್ ಬೋಮರ್ ಎಂಬ ಅಧ್ಯಾಪಕರು ಷೇಕ್ಸ್‌ಪಿಯರ್ ನಾಟಕ ಆಡುತ್ತೇವೆಂದಾಗ, ನಷ್ಟವಾದೀತೆಂದು ಹೆದರಿದ ಊರ ಪ್ರಮುಖರು ಹಗಲು ಹೊತ್ತು ಅದೇ ರಂಗದ ಮೇಲೆ ಮುಷ್ಟಿಯುದ್ಧದ ಪಂದ್ಯಗಳನ್ನು ಇಡಿಸಿದರು. ಕೊನೆಗೆ ನಷ್ಟವಾದದ್ದು ಪಂದ್ಯಗಳಿಗೆ. ಅದನ್ನು ತುಂಬಿಕೊಟ್ಟದ್ದು ನಾಟಕದ ಹಣ! ಮುಂದೆ 2018ರಲ್ಲಿ ಕಾಡ್ಗಿಚ್ಚಿನ ಹೊಗೆಯಿಂದ ಬಯಲು ಪ್ರದರ್ಶನಗಳು ಒಂದಾದ ಮೇಲೊಂದು ರದ್ದಾದಾಗ, ಅವರು ಊರಿನ ಹೈಸ್ಕೂಲಿನ ಸಭಾಂಗಣದಲ್ಲಿ ನಾಟಕ ಮುಂದುವರಿಸಿದರು. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣದಲ್ಲೇ ರಾಜ್ಯೋತ್ಸವ, ಯುಗಾದಿ ಆಚರಿಸುವ ನಮಗೆ ಇದನ್ನು ಓದಿ ಅವರು ನಮ್ಮವರೇ ಎನಿಸಿತು.

ನಮ್ಮ ಪಾಲಿಗೆ

ಈ ಕಥೆಗಳಿಂದ ನಾವು ತಿಳಿದುಕೊಂಡದ್ದನ್ನು ಎರಡು ಮಾತಿನಲ್ಲಿ ಹೇಳಬಹುದು. ಉಳಿದ ಸಂಸ್ಥೆಗಳು ಮನೆ ಬದಲಿಸಿದವು, ಹಣದ ಮೂಲ ಬದಲಿಸಿದವು, ಕಾನೂನಿನ ರೂಪವನ್ನೇ ಬದಲಿಸಿದವು. ಈ ಊರಿನವರಿಗೆ ಈ ಊರಿನಲ್ಲೇ ಒಳ್ಳೆಯ ನಾಟಕ ಸಿಗಬೇಕೆಂಬ ಒಂದು ಸಂಕಲ್ಪವನ್ನು ಮಾತ್ರ ಬಿಡಲಿಲ್ಲ. ಮತ್ತೊಂದು, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಕೂತು ವಿಚಾರಿಸುವವರು ಒಬ್ಬರಲ್ಲ, ಹತ್ತು ಜನರಾಗಿದ್ದರು. ಡಲ್ಲಾಸಿನಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ಎಲ್ಲವೂ ಒಬ್ಬರ ಉಸಿರಿನ ಮೇಲೆ ನಿಂತಿತ್ತು.

ನಮ್ಮ ಸಂಘದಲ್ಲೂ ಹಾಗೆ ಒಬ್ಬಿಬ್ಬರ ಮೇಲೇ ನಿಂತ ಕೆಲಸಗಳು ಎಷ್ಟಿವೆ ಎಂದು ಪ್ರಾಮಾಣಿಕವಾಗಿ ಎಣಿಸಿ ನೋಡೋಣ. ನಾಟಕ ಕಲಿಸುವವರು ಅವರೊಬ್ಬರೇ, ಅಡುಗೆಯ ಉಸ್ತುವಾರಿ ಇವರೊಬ್ಬರೇ, ಹಳೆಯ ಲೆಕ್ಕದ ಪುಸ್ತಕ ಇನ್ನೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಕಿರಿಯರು ಮುಂದೆ ಬರುವುದಿಲ್ಲವೆಂದು ದೂರುತ್ತೇವೆ. ಬಂದವರಿಗೆ ಕುರ್ಚಿ ಜೋಡಿಸುವ ಕೆಲಸ ಕೊಟ್ಟು, ಕಾರ್ಯಕ್ರಮದ ಪಟ್ಟಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ. ಅವರು ಅರ್ಧ ಇಂಗ್ಲಿಷು ಬೆರೆಸಿದ ನಾಟಕ ಆಡಿದರೆ ಹುಬ್ಬು ಗಂಟಿಕ್ಕುತ್ತೇವೆ. ಈ ಮಾತನ್ನು ಯಾರನ್ನೂ ನೋಯಿಸಲು ಬರೆದಿಲ್ಲ. ಹುಬ್ಬು ಗಂಟಿಕ್ಕಿದವರಲ್ಲಿ ನಾವೂ ಇದ್ದೇವೆ.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದೆಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಹಾಗೆಂದು ಮರವನ್ನು ಕಡಿಯಬೇಕೆಂದೂ ಗಾದೆ ಹೇಳುವುದಿಲ್ಲ. ಬೆಂಗಳೂರಿನ ಬಳಿ, ರಾಮೋಹಳ್ಳಿಯ ಕಡೆಯ ದೊಡ್ಡಾಲದ ಮರವನ್ನು ನಮ್ಮಲ್ಲಿ ಅನೇಕರು ಮಕ್ಕಳಾಗಿದ್ದಾಗ ನೋಡಿದ್ದೇವೆ. ಅದರ ಮೂಲ ಬೊಡ್ಡೆ ರೋಗ ಹಿಡಿದು ಹೋಗಿಬಿಟ್ಟಿದೆ. ಮರ ಮಾತ್ರ ಇದೆ: ಒಂದು ಕಾಲಕ್ಕೆ ಕೊಂಬೆಯಿಂದ ಇಳಿದ ಎಳೆಯ ಬಿಳಲುಗಳು ನೆಲ ಮುಟ್ಟಿ, ಬೇರು ಬಿಟ್ಟು, ಇಂದು ಅವೇ ಮರವನ್ನು ಹೊತ್ತು ನಿಂತಿವೆ.

ನಮ್ಮ ಬಿಳಲುಗಳೂ ಇಳಿಯುತ್ತಿವೆ. ಅವು ಊರಲು ನೆಲ ಬಿಟ್ಟುಕೊಡುವುದು ಹಿರಿಯರಾದ ನಮ್ಮ ಕೆಲಸ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಲೆಕ್ಕದ ಪುಸ್ತಕ, ಕಾರ್ಯಕ್ರಮದ ಪಟ್ಟಿ, ಬೀಗದ ಕೈ ಈ ಮೂರನ್ನೂ ಮೇಜಿನ ಮೇಲಿಟ್ಟು, ನಲವತ್ತು ತುಂಬದವರೊಬ್ಬರಿಗೆ ಒಪ್ಪಿಸಿದರೆ, ನಮ್ಮ ಸಂಘದ ಹುಟ್ಟುಹಬ್ಬಕ್ಕೆ ಅದಕ್ಕಿಂತ ಮಿಗಿಲಾದ ಉಡುಗೊರೆ ಬೇರಿಲ್ಲ. ಸಂಘಕ್ಕೆ ಶುಭವಾಗಲಿ. ಸಿರಿಗನ್ನಡಂ ಗೆಲ್ಗೆ.